ಬೆರಳ ಸಂದಿಯ ಪಟ್ಟಿ

ಕೈಗವಸಿನಲ್ಲಿ ಕಷ್ಟದ ಜಾಗ ಬೆರಳಲ್ಲ,
ಬೆರಳು ಬೆರಳಿನ ನಡುವಿನ ಸಂದಿ.
ಅಲ್ಲಿಗೊಂದು ಸಪೂರ ಪಟ್ಟಿ ಹೊಲಿಯಬೇಕು,
ಅದಿಲ್ಲದೆ ಮುಷ್ಟಿ ಕಟ್ಟಲಾಗದು, ರೊಟ್ಟಿ ಮುರಿಯಲಾಗದು.
ನಲವತ್ತೊಂದು ವರ್ಷ ಮಿಯೋ ಪಟ್ಟಣದಲ್ಲಿ
ಕುರಿಮರಿಯ ತೊಗಲು ನೆನೆಸಿ, ಮೇಜಿನಂಚಿಗೆ ಎಳೆದು,
ಎಷ್ಟು ಹಿಗ್ಗುತ್ತೀಯೆಂದು ಹೆಬ್ಬೆರಳಿನಲ್ಲೇ ಕೇಳಿ
ಕತ್ತರಿಸಿದವಳು ನಾನು, ಸೊಲಾಂಜ್ ಫಾಬ್ರೆಗ್.
ಕಾರ್ಖಾನೆ ಮುಚ್ಚಿತು. ಕತ್ತರಿ ನನ್ನಲ್ಲೇ ಉಳಿಯಿತು.

ಆಮೇಲೆ ಸೇತುವೆಯವರು ಬಂದರು.
ಪುರಭವನದ ಗೋಡೆಗೆ ನಕ್ಷೆ ಹಚ್ಚಿ ಎಂಜಿನಿಯರ್ ಹುಡುಗಿ
ಕೋಲು ತೋರಿಸಿದಳು: ಏಳು ಕಂಬ,
ಎರಡೂವರೆ ಕಿಲೋಮೀಟರು ಉಕ್ಕಿನ ಹಾದಿ,
ಟಾರ್ನ್ ನದಿಯ ನೆತ್ತಿಯಿಂದ ಇನ್ನೂರೆಪ್ಪತ್ತು ಮೀಟರು ಮೇಲೆ.
ಕಂಬಗಳಲ್ಲಿ ಇದೇ ಲೋಕದ ಎತ್ತರ, ಎಂದಳು.
ಹಿಂದಿನ ಸಾಲಿನಲ್ಲಿ ಯಾರೋ ಕೆಮ್ಮಿದರು.
‘ಬಿಸಿಲಿಗೆ ಉಕ್ಕು ಹಿಗ್ಗುತ್ತದೆ, ಚಳಿಗೆ ಮುದುಡುತ್ತದೆ.
ಕಂಬ ಸೆಟೆದು ನಿಂತರೆ ಆಗದು, ಬಾಗಬೇಕು;
ಅದಕ್ಕೇ ಮೇಲಿನ ತೊಂಬತ್ತು ಮೀಟರು ಎರಡಾಗಿ ಸೀಳುತ್ತೇವೆ.’
ನಾನು ಕೈಯೆತ್ತಿದೆ. ‘ಪ್ರಶ್ನೆಯೇ?’ ಎಂದಳು.
ಪ್ರಶ್ನೆಯಲ್ಲ ಮಗಳೇ, ಎಂದು
ಎರಡು ಬೆರಳು ಅಗಲಿಸಿ ತೋರಿಸಿದೆ.
ಸಭೆ ನಕ್ಕಿತು. ಅವಳು ನಗಲಿಲ್ಲ,
ಪೆನ್ನು ತೆಗೆದು ಏನೋ ಬರೆದುಕೊಂಡಳು.

ಮಹಡಿಯ ಕೋಣೆಗೆ ಬಾಡಿಗೆಗೆ ಬಂದವನು
ಕ್ರೇನಿನ ಅಡೆಲಿನೊ, ಪೋರ್ಚುಗಲ್ಲಿನ ಬೆಟ್ಟದವನು.
ಮೂರು ದಿನಕ್ಕೊಮ್ಮೆ ಅಚ್ಚು ನಾಲ್ಕು ಮೀಟರು ಏರುತ್ತಿತ್ತು,
ಅದರೊಂದಿಗೆ ಅವನೂ.
ಬುತ್ತಿ ಮೇಲೆಯೇ, ಉಚ್ಚೆಯೂ ಮೇಲೆಯೇ, ಒಂದು ಬಾಟಲಿಗೆ;
ಇಳಿದು ಹತ್ತುವಷ್ಟರಲ್ಲಿ ಕಾಂಕ್ರೀಟು ಕಾಯುವುದಿಲ್ಲವಂತೆ.
ಒಂದು ಬೆಳಗ್ಗೆ ಕಾವಳ ಕಣಿವೆ ತುಂಬಿತ್ತು.
ಸಂಜೆ ಬಂದು ಹೇಳಿದ: ‘ನಾನು ಬಿಸಿಲಲ್ಲಿದ್ದೆ, ಅಜ್ಜಿ.
ನಿಮ್ಮೂರು ಹಾಲಿನೊಳಗಿತ್ತು.
ಗಂಟೆಯ ಸದ್ದು ಬಂತು, ಇಗರ್ಜಿ ಕಾಣಲಿಲ್ಲ.’
ನಾನು ಕೆಳಗೆ ದೀಪ ಹಚ್ಚಿಕೊಂಡು
ಈರುಳ್ಳಿ ಹೆಚ್ಚುತ್ತಿದ್ದ ಹೊತ್ತು ಅದು.

ದಪ್ಪ ಗವಸು ತೊಟ್ಟರೆ ಸನ್ನೆಕೋಲು ಕೈಗೆ ತಿಳಿಯದು,
ಬರಿಗೈ ಇಟ್ಟರೆ ಕಬ್ಬಿಣ ಕಚ್ಚುತ್ತದೆ ಎಂದ.
ಪೆಟ್ಟಿಗೆಯ ತಳದಿಂದ ಕೊನೆಯ ತೊಗಲು ತೆಗೆದೆ.
ಅವನ ಎಡಗೈ ಕಿರುಬೆರಳು ಒಂದು ಗೆಣ್ಣು ಮೊಟಕು
(ಯಾವ ಸೇತುವೆ ತಿಂದಿತೋ, ನಾನು ಕೇಳಲಿಲ್ಲ),
ಅಲ್ಲಿಗೆ ಅಷ್ಟೇ ಕತ್ತರಿಸಿದೆ.
ತೊಟ್ಟು, ಮಡಚಿ, ಬಿಡಿಸಿ ನೋಡಿದ.
ಆ ತಿಂಗಳ ಬಾಡಿಗೆ ಎರಡು ಸಲ ಕೊಡಲು ಬಂದ.

ಎರಡು ಬೆಟ್ಟಗಳಿಂದ ಹಾದಿಯನ್ನು ನೂಕಿದರು,
ಒಂದು ನೂಕಿಗೆ ಮೂರು ಗೇಣು.
ಗಾಳಿ ಎದ್ದರೆ ನಿಲ್ಲು, ಗಾಳಿ ಮಲಗಿದರೆ ಮೂರು ಗೇಣು.
ಕುರಿಗಳೇ ಅದಕ್ಕಿಂತ ಬೇಗ ಬೆಟ್ಟ ದಾಟುತ್ತವೆ
ಎಂದು ಸಂತೆಯಲ್ಲಿ ಗಿಣ್ಣಿನವಳು ನಗುತ್ತಿದ್ದಳು.
ಮೇ ತಿಂಗಳ ಕೊನೆಗೆ, ನದಿಯ ಮೇಲೆ, ಎರಡೂ ತುದಿ ಕೂಡಿದವು.
ಅಡೆಲಿನೊ ಕುಡಿದು ಬಂದಿದ್ದ.
‘ಎಷ್ಟು ತಪ್ಪಿತು?’
‘ಒಂದು ಬೆರಳಿನಗಲವೂ ಇಲ್ಲ!’
‘ಯಾವ ಬೆರಳು?’ ಎಂದೆ.
ಅವನು ತನ್ನ ಮೊಟಕು ಬೆರಳನ್ನು ನೋಡಿಕೊಂಡ.

ಮೊದಲು ಸ್ಪೇನಿಗೆ ಹೊರಟ ಕಾರುಗಳೆಲ್ಲ
ನಮ್ಮ ಬೀದಿಯಲ್ಲಿ ಸಿಕ್ಕಿಕೊಂಡು ಬೇಯುತ್ತಿದ್ದವು.
ವಾಂತಿ ಮಾಡುವ ಮಕ್ಕಳು, ಜಗಳವಾಡುವ ಗಂಡಹೆಂಡಿರು,
ಜುಲೈ ಬಿಸಿಲಲ್ಲಿ ಕೈಗವಸು ಕೊಂಡ ಹುಚ್ಚರೂ
ಆ ಸಾಲಿನವರೇ. ಎಷ್ಟು ಶಪಿಸಿದ್ದೇನೆ ಅವರನ್ನು.
ಈಗ ಒಂದು ನಿಮಿಷದಲ್ಲಿ ತಲೆಯ ಮೇಲೆ ದಾಟಿಹೋಗುತ್ತಾರೆ.
ಬೇಸಿಗೆಯಲ್ಲಿ ನದಿ ಸದ್ದು ಮಾಡುತ್ತದೆಂದು
ಈ ವಯಸ್ಸಿನಲ್ಲಿ ಗೊತ್ತಾಯಿತು.
ಗಿರಾಕಿ ಇಲ್ಲ.

ನಾನಿನ್ನೂ ಅದರ ಮೇಲೆ ಹೋಗಿಲ್ಲ.
ಹೋಗಲು ಆಚೆ ನನಗೆ ಯಾರೂ ಇಲ್ಲ.

ಮೊನ್ನೆ ಅಂಚೆಯಲ್ಲಿ ಒಂದು ಗವಸು ಬಂತು,
ಗುರುತಿಲ್ಲದ ದೇಶದ ಅಂಟುಚೀಟಿ, ಬಲಗೈಯದು.
ಹರಿದದ್ದು ಹೆಬ್ಬೆರಳಲ್ಲಿ. ಸಂದಿಯ ಪಟ್ಟಿಗಳು
ಹೊಲಿದ ಹಾಗೇ ಇವೆ.
ಎಡಗೈಯದನ್ನು ಕಳಿಸಲಿಲ್ಲ, ಕ್ಷಮಿಸಿ,
ಅದು ಕೆಲಸದಲ್ಲಿದೆ, ಎಂದು ಬರೆದಿದ್ದಾನೆ.